ಟೀವಿಯ ಇತಿಹಾಸ ಸರಣಿ: ಮಗಳಿಗೆ ಏನು ಹೇಳಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿದ್ದಾಗ ದೂರದರ್ಶನದಲ್ಲಿ ‘ಭಾರತ್ ಏಕ್ ಖೋಜ್’ ನೋಡುತ್ತಿದ್ದೆ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿದ್ದರೂ ಒಂದು ಕಂತನ್ನೂ ಬಿಡುತ್ತಿರಲಿಲ್ಲ. ಈಗ ದ್ವಿತೀಯ ಪಿಯುಸಿಯಲ್ಲಿ ಇತಿಹಾಸ ಓದುತ್ತಿರುವ ನನ್ನ ಮಗಳು ಅದನ್ನೇ ಮೊಬೈಲಿನಲ್ಲಿ ನೋಡುತ್ತಾಳೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧವನ್ನು ಕುರಿತ ‘ದಿ ಸಿವಿಲ್ ವಾರ್’ ಎಂಬ ಸರಣಿಯನ್ನೂ ನೋಡಿ ಮುಗಿಸಿದ್ದಾಳೆ. ‘ಇಷ್ಟು ಚೆನ್ನಾಗಿ ತೋರಿಸಿರುವಾಗ ಪುಸ್ತಕ ಏಕೆ ಓದಬೇಕು?’ ಎಂಬುದು ಅವಳ ವಾದ. ‘ಟೀವಿಯಲ್ಲಿ ಬರುವುದೆಲ್ಲ ಕಟ್ಟುಕಥೆ, ಮೊದಲು ಅದನ್ನು ಬಿಡು’ ಎಂಬುದು ಅವಳ ಸೋದರಮಾವನ ವಾದ. ಇಂಥ ಸರಣಿಗಳನ್ನು ಇತಿಹಾಸವೆಂದು ಎಷ್ಟರ ಮಟ್ಟಿಗೆ ನಂಬಬಹುದು?
– ಸಿಂಧನೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಮನೆಯ ಈ ವ್ಯಾಜ್ಯದಲ್ಲಿ ನಾನು ಯಾರ ಪಕ್ಷವನ್ನೂ ವಹಿಸಲಾರೆ. ಮೊದಲು ಸೋದರಮಾವನವರ ಮಾತನ್ನೇ ತೆಗೆದುಕೊಳ್ಳುತ್ತೇನೆ. ನೀವು ಹೆಸರಿಸಿರುವ ಎರಡೂ ಸರಣಿಗಳು ಕಟ್ಟುಕಥೆಗಳಲ್ಲ. ಎರಡರ ಹಿಂದೆಯೂ ವರ್ಷಗಟ್ಟಲೆ ನಡೆದ ಅಧ್ಯಯನವಿದೆ, ಮತ್ತು ಇಸವಿ, ಹೆಸರು, ಸ್ಥಳಗಳ ತಪ್ಪು ಹುಡುಕಲು ಕುಳಿತರೆ ಪರೀಕ್ಷೆಗೆಂದು ಮಾರುವ ಗೈಡುಗಳಲ್ಲಿಯೇ ನಿಮಗೆ ಹೆಚ್ಚು ಸಿಕ್ಕಾವು. ತೊಡಕಿರುವುದು ಬೇರೆ ಕಡೆ. ಒಂದು ದೇಶದ ಕಥೆಯನ್ನು ಎಲ್ಲಿಂದ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಚಿತ್ರವೇ ಉಳಿದಿಲ್ಲದ ಸಂಗತಿಯನ್ನು ಏನು ತೋರಿಸಿ ತುಂಬಿಸಬೇಕು ಎಂಬ ನಿರ್ಧಾರಗಳನ್ನು ಯಾರೋ ಒಬ್ಬರು ಕುಳಿತು ಮಾಡಿರುತ್ತಾರೆ, ಆದರೆ ಆ ನಿರ್ಧಾರ ನಡೆದದ್ದು ನೋಡುಗನಿಗೆ ಕಾಣದ ಹಾಗೆ ತೆರೆ ನೋಡಿಕೊಳ್ಳುತ್ತದೆ. ಪುಸ್ತಕ ಬರೆಯುವವನು ‘ಈ ಬಗ್ಗೆ ಆಕರಗಳು ಮೌನವಾಗಿವೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗಬಲ್ಲ. ಟೀವಿಯ ಪರದೆ ಅರ್ಧ ನಿಮಿಷ ಖಾಲಿ ಇರಲಾರದು. ಇದ್ದರೆ ನಾವು ವಾಹಿನಿ ಬದಲಿಸುತ್ತೇವೆ.

ನಿಮ್ಮ ಮಗಳು ನೋಡಿರುವ ಎರಡು ಸರಣಿಗಳು ಎರಡು ಬೇರೆ ಜಾತಿಯವು ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು. ‘ದಿ ಸಿವಿಲ್ ವಾರ್’ ಅನ್ನು ಕೆನ್ ಬರ್ನ್ಸ್ ಅಮೆರಿಕದ ಸಾರ್ವಜನಿಕ ದೂರದರ್ಶನಕ್ಕಾಗಿ ಮಾಡಿದರು. 1990ರ ಸೆಪ್ಟೆಂಬರ್ 23ರಿಂದ 27ರ ತನಕ, ಸತತ ಐದು ರಾತ್ರಿ, ಒಂಬತ್ತು ಕಂತುಗಳಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಅದು ಪ್ರಸಾರವಾಯಿತು. ಸುಮಾರು 4 ಕೋಟಿ ಜನ ಅದರ ಯಾವುದಾದರೂ ಒಂದು ಭಾಗವನ್ನು ನೋಡಿದರೆಂಬುದು ಆಗಿನ ಲೆಕ್ಕ. ಅದರಲ್ಲಿ ವೇಷ ಹಾಕಿದ ನಟರಿಲ್ಲ. ಹಳೆಯ ಸ್ಥಿರಚಿತ್ರಗಳು, ಪತ್ರ ಹಾಗೂ ದಿನಚರಿಗಳನ್ನು ಓದುವ ದನಿಗಳು, ಕೆಲವು ಇತಿಹಾಸಕಾರರ ಮಾತು, ಹಿನ್ನೆಲೆ ಸಂಗೀತ, ಇಷ್ಟೇ. ಶ್ಯಾಮ್ ಬೆನಗಲ್ ನಿರ್ದೇಶಿಸಿದ ‘ಭಾರತ್ ಏಕ್ ಖೋಜ್’ 1988ರ ನವೆಂಬರಿನಲ್ಲಿ ಶುರುವಾಗಿ 53 ಕಂತುಗಳಲ್ಲಿ ಬಂತು. ಅದು ಬಹುಪಾಲು ನಾಟಕ. ಜವಾಹರಲಾಲ್ ನೆಹರೂ 1944ರಲ್ಲಿ ಅಹಮದ್‌ನಗರ ಕೋಟೆಯ ಸೆರೆಯಲ್ಲಿದ್ದಾಗ ಬರೆದು 1946ರಲ್ಲಿ ಪ್ರಕಟವಾದ ಪುಸ್ತಕವೇ ಅದಕ್ಕೆ ಆಧಾರ. ನಟರಿಲ್ಲದ ಸರಣಿ ಹೆಚ್ಚು ಪ್ರಾಮಾಣಿಕ, ನಟರಿರುವುದು ಕಡಿಮೆ ಪ್ರಾಮಾಣಿಕ ಎಂದು ನಮಗೆ ಸಹಜವಾಗಿ ಅನಿಸುತ್ತದೆ. ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಇದರ ತಿರುವುಮುರುವು. ಏಕೆಂದು ವಿವರಿಸುತ್ತೇನೆ.

‘ದಿ ಸಿವಿಲ್ ವಾರ್’ ಶುರುವಾಗುವ ರೀತಿಯನ್ನು ಮಗಳಿಗೆ ನೆನಪಿಸಿ. ವರ್ಜೀನಿಯದ ಮನಾಸಸ್ ಬಳಿ ವಿಲ್ಮರ್ ಮೆಕ್ಲೀನ್ ಎಂಬ ಗೃಹಸ್ಥನ ಜಮೀನು ಇತ್ತು. 1861ರ ಜುಲೈ ತಿಂಗಳಲ್ಲಿ ಅಲ್ಲಿ ಮೊದಲ ದೊಡ್ಡ ಕದನ ನಡೆದಾಗ ಫಿರಂಗಿಯ ಗುಂಡೊಂದು ಅವನ ಅಡುಗೆ ಒಲೆಗೇ ಬಂದು ಬಿತ್ತು. ಯುದ್ಧದ ಸಹವಾಸವೇ ಬೇಡವೆಂದು ಆತ ದೂರದ ಅಪೊಮ್ಯಾಟಕ್ಸ್ ಕೋರ್ಟ್ ಹೌಸ್ ಎಂಬ ಹಳ್ಳಿಗೆ ಮನೆ ಬದಲಿಸಿದ. ಕಡೆಗೆ 1865ರ ಏಪ್ರಿಲ್ 9ರಂದು ದಕ್ಷಿಣದ ದಂಡನಾಯಕ ಲೀ, ಉತ್ತರದ ದಂಡನಾಯಕ ಗ್ರಾಂಟ್‌ಗೆ ಶರಣಾದದ್ದು ಅದೇ ಮೆಕ್ಲೀನನ ಮನೆಯ ಪಡಸಾಲೆಯಲ್ಲಿ. ಅವನ ಅಂಗಳದಲ್ಲಿ ಹುಟ್ಟಿದ ಯುದ್ಧ ಅವನ ಪಡಸಾಲೆಯಲ್ಲಿ ಸತ್ತಿತು ಎಂಬಂಥ ಕಥೆ. ಇದರಲ್ಲಿ ಸುಳ್ಳೇನೂ ಇಲ್ಲ. ಇಂಥ ಕಾಕತಾಳೀಯ ಸಿಕ್ಕರೆ ಯಾವ ಕಥೆಗಾರನಾದರೂ ಅದರಿಂದಲೇ ಶುರುಮಾಡಿಯಾನು. ನಾನೂ ತರಗತಿಯಲ್ಲಿ ಅದನ್ನು ಹೇಳಿ ಮಕ್ಕಳ ಗಮನ ಸೆಳೆದಿದ್ದೇನೆ.

ಆದರೆ ಅದೇ ಸಂಗತಿಯನ್ನು ಇನ್ನೊಂದು ಮಗ್ಗುಲಿನಿಂದ ನೋಡಿ. ಯುದ್ಧ ಹುಟ್ಟಿದ್ದು ಮೆಕ್ಲೀನನ ಅಂಗಳದಲ್ಲಲ್ಲ. ಅದಕ್ಕೂ ಮೂರು ತಿಂಗಳು ಮೊದಲು, ಏಪ್ರಿಲ್ 12ರಂದು, ದಕ್ಷಿಣ ಕೆರೊಲಿನದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿದಾಗ. ಅವನ ಪಡಸಾಲೆಯಲ್ಲಿ ಶರಣಾದದ್ದು ಲೀಯ ಸೇನೆ ಮಾತ್ರ. ಉಳಿದ ಸೇನೆಗಳು ಒಂದೊಂದಾಗಿ ಶಸ್ತ್ರ ಕೆಳಗಿಡುವಾಗ ಜೂನ್ ಕಳೆಯುತ್ತ ಬಂದಿತ್ತು. ಮೆಕ್ಲೀನ್ ಊರು ಬಿಟ್ಟದ್ದು ಬರೀ ಭಯದಿಂದಲ್ಲ, ಯುದ್ಧಕಾಲದಲ್ಲಿ ಅವನು ನಡೆಸುತ್ತಿದ್ದ ಸಕ್ಕರೆಯ ವ್ಯಾಪಾರಕ್ಕೂ ಹೊಸ ಊರು ಅನುಕೂಲವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವನ ಜಮೀನಿನಲ್ಲಿ ಗೇಯುತ್ತಿದ್ದವರು ಗುಲಾಮರು. ಯುದ್ಧ ಯಾವ ಕಾರಣಕ್ಕೆ ನಡೆಯಿತೋ ಆ ಕಾರಣವೇ ಅವನ ಹೊಲದಲ್ಲಿ ನಿಂತಿತ್ತು; ಆರಂಭದ ಆ ಕಥೆಯಲ್ಲಿ ಮಾತ್ರ ಯುದ್ಧವೆಂಬುದು ಎಲ್ಲಿಂದಲೋ ಬಂದು ಪಾಪದ ಗೃಹಸ್ಥನೊಬ್ಬನ ಒಲೆಗೆ ಬಿದ್ದ ಗುಂಡಾಗುತ್ತದೆ. ಸರಣಿ ಗುಲಾಮಗಿರಿಯನ್ನು ಮುಚ್ಚಿಟ್ಟಿತೆಂದು ನಾನು ಹೇಳುತ್ತಿಲ್ಲ. ಮೊದಲ ಕಂತಿನಲ್ಲಿಯೇ ಅದರ ಕುರಿತು ಗಂಭೀರವಾದ ಭಾಗವಿದೆ. ಆದರೆ ಮೊದಲು ಕೇಳಿದ ಕಥೆ ನೋಡುಗನ ಮನಸ್ಸಿನಲ್ಲಿ ಒಂದು ಚೌಕಟ್ಟು ಹಾಕಿಬಿಡುತ್ತದೆ, ಅನಂತರ ಬರುವುದೆಲ್ಲ ಆ ಚೌಕಟ್ಟಿನೊಳಗೇ ಕೂರುತ್ತದೆ.

ಇನ್ನು ಚಿತ್ರಗಳ ವಿಷಯ. ಈ ಸರಣಿಗಾಗಿ ಸುಮಾರು 16,000 ಹಳೆಯ ಛಾಯಾಚಿತ್ರಗಳನ್ನು ಚಿತ್ರೀಕರಿಸಿಕೊಂಡರು. ಕ್ಯಾಮೆರಾ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನಿಧಾನವಾಗಿ ಸರಿಯುತ್ತದೆ, ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ. ಈ ತಂತ್ರ ಬರ್ನ್ಸ್ ಕಂಡುಹಿಡಿದದ್ದೇನಲ್ಲ, ಕೆನಡದ ಸಾಕ್ಷ್ಯಚಿತ್ರಕಾರರು 1950ರ ದಶಕದಲ್ಲಿಯೇ ಅದನ್ನು ಚೆನ್ನಾಗಿ ಬಳಸಿದ್ದರು. ಆದರೂ ಅದಕ್ಕೆ ಅವರ ಹೆಸರೇ ಅಂಟಿಕೊಂಡು, ಆಪಲ್ ಕಂಪನಿಯ ವಿಡಿಯೊ ಸಂಕಲನದ ತಂತ್ರಾಂಶದಲ್ಲಿ ‘ಕೆನ್ ಬರ್ನ್ಸ್ ಎಫೆಕ್ಟ್’ ಎಂದೇ ಉಳಿದಿದೆ. ಮದುವೆಯ ಫೋಟೊಗಳಿಂದ ವಿಡಿಯೊ ಮಾಡಿಕೊಡುವ ನಮ್ಮೂರ ಸ್ಟುಡಿಯೊದವರು ಬಳಸುವುದೂ ಇದನ್ನೇ. ಈಗ ಗಮನಿಸಬೇಕಾದದ್ದು ಇಷ್ಟು: ಆ ಕಾಲದ ಗಾಜಿನ ಫಲಕದ ಕ್ಯಾಮೆರಾಕ್ಕೆ ಒಂದು ಚಿತ್ರ ಮೂಡಲು ಕೆಲವು ಸೆಕೆಂಡುಗಳೇ ಬೇಕಿದ್ದವು, ಓಡುವ ಸೈನಿಕ, ಹಾರುವ ಗುಂಡು ಅದರಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ಅಂತರ್ಯುದ್ಧದ ಛಾಯಾಚಿತ್ರಗಳಲ್ಲಿ ಕದನದ ಮೊದಲಿನ ಸಿಪಾಯಿ ಇದ್ದಾನೆ, ಕದನದ ಅನಂತರದ ಹೆಣವಿದೆ, ಕದನ ಇಲ್ಲ. ಆದರೂ ಸರಣಿ ನೋಡಿ ಎದ್ದವರಿಗೆ ಕದನವನ್ನು ಕಣ್ಣಾರೆ ಕಂಡ ಅನುಭವವಾಗುತ್ತದೆ. ಸ್ಥಿರಚಿತ್ರದ ಮೇಲೆ ಫಿರಂಗಿಯ ಸದ್ದು, ಕುದುರೆಯ ಗೊರಸಿನ ಸದ್ದು ಕೂರಿಸಿರುವುದರಿಂದ, ಮತ್ತು ಒಂದು ಕದನದ ವರ್ಣನೆ ನಡೆಯುವಾಗ ಬೇರೆ ಎಲ್ಲಿಯೋ ತೆಗೆದ ಚಿತ್ರ ಬಂದು ಹೋಗುವುದರಿಂದ ಹುಟ್ಟುವ ಅನುಭವ ಅದು.

ಮೂಲ ಚಿತ್ರವಾದರೂ ಎಷ್ಟು ಮುಗ್ಧ? 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನವಾದ ಮೇಲೆ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಒಂದು ಪ್ರಸಿದ್ಧ ಚಿತ್ರದಲ್ಲಿ, ಬಂಡೆಗಳ ನಡುವಿನ ಗುರಿಕಾರನ ಗೂಡಿನಲ್ಲಿ ಸತ್ತ ಸೈನಿಕನೊಬ್ಬ ಮಲಗಿದ್ದಾನೆ, ಪಕ್ಕದಲ್ಲಿ ಬಂದೂಕು ಒರಗಿದೆ. ವಿಲಿಯಂ ಫ್ರಸಾನಿಟೊ ಎಂಬ ಸಂಶೋಧಕರು 1975ರಲ್ಲಿ ಅದೇ ಸೈನಿಕನ ಬೇರೆ ಚಿತ್ರಗಳನ್ನು ಪಕ್ಕದಲ್ಲಿಟ್ಟು, ಹೆಣವನ್ನು ಬೇರೆ ಜಾಗದಿಂದ ಹೊತ್ತು ತಂದು ಅಲ್ಲಿ ಮಲಗಿಸಲಾಗಿತ್ತೆಂದು ತೋರಿಸಿಕೊಟ್ಟರು. ನಮ್ಮ 1857ಕ್ಕೂ ಇಂಥದೊಂದು ಉದಾಹರಣೆಯಿದೆ. ಲಖನೌದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಪಡೆ ಬಂಡೆದ್ದ ಸಿಪಾಯಿಗಳನ್ನು ಕೊಂದದ್ದು 1857ರ ನವೆಂಬರಿನಲ್ಲಿ. ಫೆಲಿಚೆ ಬಿಯಾಟೊ ಅಲ್ಲಿ ಕ್ಯಾಮೆರಾ ಹೂಡಿದ್ದು ಮರುವರ್ಷದ ಬೇಸಗೆಯ ಹೊತ್ತಿಗೆ. ಅಂಗಳದಲ್ಲಿ ಚದುರಿದಂತೆ ಕಾಣುವ ಆ ಎಲುಬುಗಳನ್ನು ಚಿತ್ರಕ್ಕೋಸ್ಕರ ಹರಡಲಾಯಿತೆಂಬುದು ಇಂದು ಬಹುತೇಕ ಎಲ್ಲರೂ ಒಪ್ಪುವ ಮಾತು. ಮೊದಲ ಮಹಾಯುದ್ಧದ ಸಾಕ್ಷ್ಯಚಿತ್ರಗಳಲ್ಲಿ ಸೈನಿಕರು ಕಂದಕದಿಂದ ಮೇಲೆ ಹತ್ತಿ ಹೊಗೆಯೊಳಗೆ ನುಗ್ಗುವ ತುಣುಕೊಂದು ತಪ್ಪದೆ ಬರುತ್ತದಲ್ಲ, 1916ರ ಸೊಮ್ ಕದನದ ಚಿತ್ರದ್ದು. ಅದೂ ರಣರಂಗದ ಹಿಂದೆ ಅಭಿನಯಿಸಿ ತೆಗೆದದ್ದು. ಅಡಿಟಿಪ್ಪಣಿ ಇಲ್ಲದ ಮಾಧ್ಯಮದಲ್ಲಿ ಈ ವಿವರ ಹೇಳಲು ಜಾಗವೇ ಇರುವುದಿಲ್ಲ.

ಸಂಗೀತದ ಬಗ್ಗೆ ಒಂದು ಮಾತು ಸಾಕು. ಆ ಸರಣಿಯಲ್ಲಿ ಮತ್ತೆ ಮತ್ತೆ ಬರುವ ಪಿಟೀಲಿನ ಶೋಕಗೀತೆಯನ್ನು ಕೇಳಿದ ಅಮೆರಿಕನ್ನರಲ್ಲಿ ಬಹಳ ಜನ ಅದು ಯುದ್ಧಕಾಲದ ಸೈನಿಕರ ಹಾಡೆಂದೇ ನಂಬಿದರು. ಅದನ್ನು ಜೇ ಅಂಗರ್ ಎಂಬ ಪಿಟೀಲುಗಾರರು ರಚಿಸಿದ್ದು 1982ರಲ್ಲಿ.

ಆ ಗೀತೆಯ ಜೊತೆಗೆ ಓದುವ ಪತ್ರವೊಂದಿದೆ. ನಿಮ್ಮ ಮಗಳು ಅಲ್ಲಿ ಕಣ್ಣೀರು ಹಾಕಿದ್ದರೆ ಆಶ್ಚರ್ಯವಿಲ್ಲ. ರೋಡ್ ಐಲೆಂಡಿನ ಸಲಿವನ್ ಬಾಲೂ ಎಂಬ ಅಧಿಕಾರಿ 1861ರ ಜುಲೈ 14ರಂದು ಹೆಂಡತಿ ಸಾರಾಳಿಗೆ ಬರೆದದ್ದು; ಒಂದು ವಾರದೊಳಗೆ ನಡೆದ ಮನಾಸಸ್ ಕದನದಲ್ಲಿ ಗಾಯಗೊಂಡು ಅವನು ತೀರಿಹೋದ. ಸರಣಿಯಲ್ಲಿ ಕೇಳುವುದು ಆ ಪತ್ರದ ಮೊಟಕು ಮಾಡಿದ ರೂಪ. ಇಷ್ಟು ಸಮಯದಲ್ಲಿ ಇಡೀ ಪತ್ರ ಓದಲಾಗದು, ಅದು ದೊಡ್ಡ ಆಕ್ಷೇಪವಲ್ಲ. ನನ್ನ ಪ್ರಶ್ನೆ ಪತ್ರಗಳೇ ಇಲ್ಲದವರದು. 1860ರ ಜನಗಣತಿಯಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಹೆಚ್ಚಿನ ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು. ಪತ್ರ, ದಿನಚರಿ, ಸ್ಟುಡಿಯೊದಲ್ಲಿ ತೆಗೆಸಿದ ಚಿತ್ರ ಇವುಗಳಿಂದಲೇ ಕಟ್ಟಿದ ಸರಣಿಯಲ್ಲಿ ಅಕ್ಷರ ಬಲ್ಲವರ ದನಿ ತಾನಾಗಿ ದೊಡ್ಡದಾಗುತ್ತದೆ, ಅದಕ್ಕೆ ಯಾರೂ ದುರುದ್ದೇಶದಿಂದ ಏನನ್ನೂ ಮಾಡಬೇಕಾಗಿಲ್ಲ. ಫ್ರೆಡರಿಕ್ ಡಗ್ಲಸ್ ಅವರಂಥ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅಸಾಧಾರಣ ಬರಹಗಾರರಾದವರ ಮಾತು ಸರಣಿಯಲ್ಲಿದೆ. ಆದರೆ 1936ರಿಂದ 1938ರ ನಡುವೆ ಸರ್ಕಾರದ ಯೋಜನೆಯೊಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮಾಜಿ ಗುಲಾಮರ ನೆನಪುಗಳನ್ನು ಬರೆದಿಡಲಾಗಿತ್ತು ಎಂಬುದನ್ನು ನೆನೆದರೆ, ಆ ಕಡೆಯ ತಕ್ಕಡಿಯನ್ನು ಇನ್ನಷ್ಟು ತುಂಬಬಹುದಿತ್ತು ಅನಿಸುತ್ತದೆ.

ಸರಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಣಿಸಿಕೊಳ್ಳುವ ವ್ಯಕ್ತಿ ಶೆಲ್ಬಿ ಫೂಟ್. ಅವರು ಮಿಸಿಸಿಪಿಯ ಕಾದಂಬರಿಕಾರರು. ಅಂತರ್ಯುದ್ಧದ ಮೇಲೆ ಅಡಿಟಿಪ್ಪಣಿಗಳಿಲ್ಲದ ಮೂರು ದೊಡ್ಡ ಸಂಪುಟಗಳನ್ನು ಬರೆದವರು. ಹಜಾರದ ಕುರ್ಚಿಯಲ್ಲಿ ಕುಳಿತು ಅಜ್ಜ ಹೇಳುವಂತೆ ಅವರು ಕಥೆ ಹೇಳುತ್ತಾರೆ, ಮಾತಿನ ಸೊಗಸಿಗೆ ಮಾರುಹೋಗದವರಿಲ್ಲ. ಅಮೆರಿಕನ್ನರು ರಾಜಿ ಮಾಡಿಕೊಳ್ಳುವುದರಲ್ಲಿ ನಿಸ್ಸೀಮರು, ಆ ರಾಜಿ ಕೈಗೂಡದ್ದರಿಂದಲೇ ಯುದ್ಧವಾಯಿತು ಎಂದು ಅವರು ಹೇಳುವಾಗ ನಾವೂ ತಲೆಯಾಡಿಸಿಬಿಡುತ್ತೇವೆ. ಯಾರ ಯಾರ ನಡುವೆ ರಾಜಿ, ಯಾರ ಬದುಕನ್ನು ಒತ್ತೆಯಿಟ್ಟು ರಾಜಿ ಎಂದು ಕೇಳಲು ತೋಚುವುದು ಟೀವಿ ಆರಿಸಿದ ಮೇಲೆ. ಆ ಪ್ರಶ್ನೆಯನ್ನು ಸರಣಿಯೊಳಗೇ ಎತ್ತುವವರು ಕೊಲಂಬಿಯ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಬಾರ್ಬರಾ ಫೀಲ್ಡ್ಸ್. ಯುದ್ಧ ಇನ್ನೂ ಮುಗಿದಿಲ್ಲ, ಅದನ್ನು ಇನ್ನೂ ಸೋಲುವ ಸಾಧ್ಯತೆಯಿದೆ ಎಂಬ ಅರ್ಥದ ಮಾತನ್ನು ಕೊನೆಯ ಕಂತಿನಲ್ಲಿ ಅವರು ಆಡುತ್ತಾರೆ. ಅವರಿಗೆ ಸಿಕ್ಕಿದ ಸಮಯ ಮಾತ್ರ ಫೂಟ್ ಅವರಿಗೆ ಸಿಕ್ಕಿದ್ದರ ಒಂದು ಸಣ್ಣ ಪಾಲು.

ಈಗ ಕೊನೆಗೆ ಬರೋಣ, ಏಕೆಂದರೆ ಇತಿಹಾಸಕಾರರು ಹೆಚ್ಚು ಜಗಳವಾಡಿದ್ದು ಅದರ ಬಗ್ಗೆಯೇ. ಗೆಟಿಸ್‌ಬರ್ಗ್ ಕದನವಾಗಿ ಐವತ್ತು ವರ್ಷ ತುಂಬಿದ 1913ರಲ್ಲಿ, ಮತ್ತೆ ಎಪ್ಪತ್ತೈದು ತುಂಬಿದ 1938ರಲ್ಲಿ, ಎರಡೂ ಕಡೆಯ ಮುದಿ ಸೈನಿಕರು ಅದೇ ಬಯಲಿನಲ್ಲಿ ಸೇರಿ ಕೈಕುಲುಕಿದರು. ಬೆನ್ನು ಬಾಗಿದ, ಬಿಳಿಗಡ್ಡದ ಆ ಮುದುಕರು ಅಲುಗಾಡುವ ಹಳೆಯ ಚಿತ್ರಸುರುಳಿಯಲ್ಲಿ ಒಬ್ಬರನ್ನೊಬ್ಬರು ಸಂಧಿಸುವುದನ್ನು ನೋಡಿದರೆ ಕಲ್ಲೂ ಕರಗೀತು. ಸರಣಿ ಮುಗಿಯುವುದು ಆ ಭಾವದಲ್ಲಿ: ಜಗಳವಾಡಿದ ಅಣ್ಣತಮ್ಮಂದಿರು ಒಂದಾದರು. ಆದರೆ 1865ರಿಂದ 1877ರ ವರೆಗೆ ಏನಾಯಿತು? ಗುಲಾಮಗಿರಿಯನ್ನು ರದ್ದುಮಾಡಿದ, ಪೌರತ್ವ ಕೊಟ್ಟ, ಮತದಾನದ ಹಕ್ಕಿನಲ್ಲಿ ಜನಾಂಗಭೇದವನ್ನು ನಿಷೇಧಿಸಿದ ಮೂರು ತಿದ್ದುಪಡಿಗಳು ಸಂವಿಧಾನಕ್ಕೆ ಬಂದವು. ನಿನ್ನೆಯ ಗುಲಾಮರು ಶಾಸನಸಭೆಗಳಲ್ಲಿ ಕುಳಿತರು. ಆಮೇಲೆ ಹಿಂಸೆಯಿಂದ, ಉಪಾಯದಿಂದ ಆ ಹಕ್ಕುಗಳನ್ನೆಲ್ಲ ಅವರಿಂದ ಕಿತ್ತುಕೊಳ್ಳಲಾಯಿತು. 1913ರಲ್ಲಿ ಅತ್ತ ಮುದುಕರು ಕೈಕುಲುಕುತ್ತಿದ್ದ ವರ್ಷವೇ ಇತ್ತ ಅಧ್ಯಕ್ಷ ವುಡ್ರೊ ವಿಲ್ಸನ್ ಸರ್ಕಾರದ ಅಂಚೆ ಹಾಗೂ ಖಜಾನೆ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಪ್ರತ್ಯೇಕಿಸಿ ಕೂರಿಸುವ ಪದ್ಧತಿ ಜಾರಿಯಾಗುತ್ತಿತ್ತು. ಯುದ್ಧ ಕಥೆಯಾಗಿ ನಿಂತದ್ದು ಕೈಕುಲುಕುವಲ್ಲಿ, ಆದ್ದರಿಂದ ಅದು ಅಣ್ಣತಮ್ಮಂದಿರ ಜಗಳವಾಯಿತು. ಅದನ್ನೇ ಮತದಾನದ ಹಕ್ಕು ಕಳೆದುಹೋದಲ್ಲಿ ನಿಲ್ಲಿಸಿದ್ದರೆ ಬಿಡುಗಡೆಯೊಂದು ಅರ್ಧದಲ್ಲಿ ಮುರಿದ ಕಥೆಯಾಗುತ್ತಿತ್ತು. ಒಂದೇ ಯುದ್ಧ, ಅವೇ ಇಸವಿಗಳು. ಎರಿಕ್ ಫೋನರ್ ಮೊದಲಾದ ಇತಿಹಾಸಕಾರರು ಈ ಆಕ್ಷೇಪವನ್ನು ಖಾರವಾಗಿಯೇ ಎತ್ತಿದರು. 1996ರಲ್ಲಿ ಇಂಥ ಲೇಖನಗಳ ಸಂಕಲನವೊಂದು ಬಂತು, ಅದರಲ್ಲಿ ಬರ್ನ್ಸ್ ಅವರ ಉತ್ತರಕ್ಕೂ ಜಾಗ ಕೊಟ್ಟಿದ್ದರು. ಅಂಥ ಚರ್ಚೆ ನಡೆದದ್ದೇ ಆ ಸರಣಿಗೆ ಸಂದ ಗೌರವ ಎಂದು ನಾನು ಭಾವಿಸುತ್ತೇನೆ.

ಇನ್ನೊಂದು ಮಿತಿ ಇದೆ, ಅದು ಯಾರ ತಪ್ಪೂ ಅಲ್ಲ. ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಸರಣಿ ಹೇಳುತ್ತದೆ. ಆಗ ಎಲ್ಲರೂ ಒಪ್ಪಿದ್ದ ಲೆಕ್ಕ ಸುಮಾರು 6,20,000. ಜೆ. ಡೇವಿಡ್ ಹ್ಯಾಕರ್ ಎಂಬ ಜನಸಂಖ್ಯಾ ಇತಿಹಾಸಕಾರರು ಜನಗಣತಿಯ ಅಂಕಿಗಳನ್ನು ಮತ್ತೆ ಲೆಕ್ಕಹಾಕಿ 2011ರಲ್ಲಿ ಆ ಸಂಖ್ಯೆ ಏಳೂವರೆ ಲಕ್ಷದ ಆಸುಪಾಸಿನಲ್ಲಿರಬಹುದೆಂದರು. ಪುಸ್ತಕಕ್ಕಾದರೆ ಪರಿಷ್ಕೃತ ಮುದ್ರಣ ಬರುತ್ತದೆ. ಟೀವಿ ಸರಣಿ ಹುಟ್ಟಿದ ವರ್ಷದ ತಿಳಿವಳಿಕೆಯಲ್ಲಿಯೇ ನಿಂತುಬಿಡುತ್ತದೆ, ಆದರೆ ಮೊಬೈಲಿನಲ್ಲಿ ನೋಡುವವರಿಗೆ ಅದು ಇವತ್ತು ಬೆಳಿಗ್ಗೆ ಮಾಡಿದ್ದೆಂಬಂತೆ ತಾಜಾ ಆಗಿ ಕಾಣುತ್ತದೆ.

‘ಭಾರತ್ ಏಕ್ ಖೋಜ್’ ಬಗ್ಗೆ ಬರೆಯುವಾಗ ನನ್ನ ಪಕ್ಷಪಾತವನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮಂತೆ ನಾನೂ ಆ ಸರಣಿಗೆ ಸೋತವನೇ. ಬೆನಗಲ್ ಅವರ ಮನೆತನದ ಮೂಲ ನಮ್ಮ ಕರಾವಳಿ, ಕ್ಯಾಮೆರಾ ಹಿಡಿದವರು ಮೈಸೂರಿನಲ್ಲಿ ಹುಟ್ಟಿ ಗುರುದತ್ತರ ಚಿತ್ರಗಳಿಂದ ಹೆಸರಾದ ವಿ.ಕೆ. ಮೂರ್ತಿ ಎಂಬ ಅಭಿಮಾನವೂ ಅದರಲ್ಲಿ ಸೇರಿದೆ. ಅದೇ ಕಾಲಕ್ಕೆ ‘ಮಹಾಭಾರತ’ ಧಾರಾವಾಹಿ ಊರೂರಿನ ಬೀದಿಗಳನ್ನು ಖಾಲಿ ಮಾಡಿಸುತ್ತಿತ್ತು. ಪುರಾಣ ಹಾಗೂ ಇತಿಹಾಸ ಎರಡೂ ಒಂದೇ ಪೆಟ್ಟಿಗೆಯೊಳಗಿಂದ, ಕಿರೀಟ ತೊಟ್ಟ ನಟರ ಮೂಲಕವೇ ಬರುತ್ತಿದ್ದ ಆ ದಿನಗಳಲ್ಲಿ, ಬೆನಗಲ್ ಒಂದು ಜಾಣತನ ತೋರಿದರು. ಪುಸ್ತಕ ಬರೆಯುತ್ತಿರುವ ನೆಹರೂ ಅವರನ್ನೇ ಪಾತ್ರವಾಗಿ ತಂದು, ರೋಶನ್ ಸೇಠ್ ಅವರ ರೂಪದಲ್ಲಿ ಕಣ್ಣೆದುರು ನಿಲ್ಲಿಸಿದರು. ಹೀಗಾಗಿ ಇದು ಒಬ್ಬ ಮನುಷ್ಯ, ಒಂದು ಕಾಲದಲ್ಲಿ, ಕಂಡುಕೊಂಡ ಭಾರತ ಎಂಬುದು ಮರೆಯಲು ಬಾರದು. ಹೆಸರಿನಲ್ಲಿರುವ ‘ಏಕ್’ ಎಂಬ ಮಾತಿಗೂ ಬೆಲೆಯಿದೆ. ಇದು ಹುಡುಕಾಟಗಳಲ್ಲಿ ಒಂದು, ಕೊನೆಯದಲ್ಲ. ಜೊತೆಗೆ, ಓಂ ಪುರಿ ಒಂದು ಕಂತಿನಲ್ಲಿ ಅಶೋಕ, ಇನ್ನೊಂದರಲ್ಲಿ ಔರಂಗಜೇಬ, ನಡುವೆ ನಿರೂಪಕರ ದನಿಯೂ ಅವರದೇ. ಅದೇ ಮುಖವನ್ನು ಬೇರೆ ಬೇರೆ ರಾಜರಲ್ಲಿ ಕಂಡ ನೋಡುಗನಿಗೆ ಇದು ಆಟ, ಬಯಲಾಟದಂಥದೇ ಒಂದು ಆಟ ಎಂಬ ಎಚ್ಚರ ಉಳಿಯುತ್ತದೆ. ಹಳೆಯ ಛಾಯಾಚಿತ್ರದ ಸರಣಿ ಈ ಎಚ್ಚರವನ್ನು ಕೊಡುವುದಿಲ್ಲ. ನಟರಿರುವ ಸರಣಿಯೇ ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ ಎಂದು ಮೇಲೆ ಹೇಳಿದ್ದು ಈ ಅರ್ಥದಲ್ಲಿ.

ಪ್ರತಿ ಕಂತಿನ ಮೊದಲಿಗೆ ಬರುವ ಹಾಡನ್ನೂ ನೆನಪಿಸಿಕೊಳ್ಳಿ. ವನರಾಜ್ ಭಾಟಿಯಾ ಅವರು ಸಂಗೀತ ಕೂಡಿಸಿದ ಅದು ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ. ಈ ಸೃಷ್ಟಿ ಎಲ್ಲಿಂದ ಬಂತೆಂಬುದು ಮೇಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದು ಮುಗಿಯುವ ಸೂಕ್ತ. ದೇಶದ ಇತಿಹಾಸ ಹೇಳುವ ಸರಣಿಗೆ ಸಂದೇಹವೇ ನಾಂದಿಯಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹಾಗೆಂದು ಅದಕ್ಕೆ ಆರಂಭ, ಅಂತ್ಯಗಳ ಪ್ರಶ್ನೆಯಿಂದ ವಿನಾಯಿತಿ ಕೊಡಬೇಕಾಗಿಲ್ಲ. ನೆಹರೂ ಅವರ ಪುಸ್ತಕ ತೆರೆದುಕೊಳ್ಳುವುದು ಸೆರೆಮನೆಯಲ್ಲಿ. ಸರಣಿಯ ಮೊದಲ ಕಂತಿನ ಹೆಸರು ‘ಭಾರತ್ ಮಾತಾ ಕೀ ಜೈ’. ಜೈಕಾರ ಹಾಕಿದ ರೈತರನ್ನು ನೆಹರೂ ‘ಯಾರಿವಳು ಭಾರತಮಾತೆ?’ ಎಂದು ಕೇಳಿದ ಪ್ರಸಂಗ ಪುಸ್ತಕದಲ್ಲಿ ಮುಂದೆಲ್ಲೋ ಬರುವಂಥದು; ಸರಣಿ ಅದನ್ನು ಹೊಸ್ತಿಲಿಗೆ ತಂದಿಟ್ಟಿತು. ಅಲ್ಲಿಗೆ ಐದು ಸಾವಿರ ವರ್ಷಗಳ ಸಂಗತಿಗಳೆಲ್ಲ ಒಂದೇ ತಾಯಿಯ ಕಥೆಯಾಗಿ ಪೋಣಿಸಿಕೊಳ್ಳಲು ದಾರಿಯಾಯಿತು. ಅಂಥ ಪೋಣಿಕೆಗೆ ಸಿಗದವರು ಹೊರಗುಳಿದರು. ಕನ್ನಡನಾಡು ಅದರಲ್ಲಿ ಪ್ರಮುಖವಾಗಿ ಬರುವುದು ವಿಜಯನಗರದ ಪತನ ಹಾಗೂ ಟಿಪ್ಪು ಸುಲ್ತಾನರ ಕಂತುಗಳಲ್ಲಿ, ಎಂದರೆ ಎರಡು ಸೋಲುಗಳ ಮೂಲಕ. ರಾಷ್ಟ್ರಕೂಟರಿಗೆ, ಹನ್ನೆರಡನೆಯ ಶತಮಾನದ ಶರಣರಿಗೆ ತಮ್ಮದೇ ಕಂತು ಸಿಗಲಿಲ್ಲ. ಇದು ಪ್ರಾಂತ್ಯಾಭಿಮಾನದ ದೂರಲ್ಲ. ಅಹಮದ್‌ನಗರದ ಕೋಟೆಯಲ್ಲಿ ಉತ್ತರ ಭಾರತದ ನೆನಪುಗಳೊಂದಿಗೆ ಕುಳಿತ ಒಬ್ಬರ ದೃಷ್ಟಿಗೆ ಕಂಡ ಭೂಪಟ ಹೀಗಿತ್ತು ಎಂಬ ವಿವರ ಮಾತ್ರ.

ಪದ್ಮಿನಿಯ ಕಂತಿನಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಅಲಾವುದ್ದೀನ್ ಖಿಲ್ಜಿ ರಾಜಸ್ಥಾನದ ಚಿತ್ತೋರನ್ನು ಗೆದ್ದದ್ದು 1303ರಲ್ಲಿ. ಆ ಕಂತು ಆಧರಿಸಿರುವ ಕಾವ್ಯವನ್ನು ಮಲಿಕ್ ಮುಹಮ್ಮದ್ ಜಾಯಸಿ ಬರೆದದ್ದು ಇನ್ನೂರಕ್ಕೂ ಹೆಚ್ಚು ವರ್ಷಗಳ ಅನಂತರ, 1540ರ ಸುಮಾರಿನಲ್ಲಿ. ಒಂದು ಕಾಲವನ್ನು ಅದರ ಸಾಹಿತ್ಯದ ಮೂಲಕ ತೋರಿಸುವುದು ಬೆನಗಲ್ ಅವರ ಪದ್ಧತಿ. ಶಾಕುಂತಲ, ಶಿಲಪ್ಪದಿಕಾರಂ ಎಲ್ಲವನ್ನೂ ಹಾಗೆಯೇ ಬಳಸಿದ್ದಾರೆ. ಪದ್ಧತಿ ಒಳ್ಳೆಯದೇ. ಆದರೆ ಇದು ಕಾವ್ಯ ಎಂದು ಕಿವಿಗೆ ಹೇಳಿದ ಮಾತು ಮರೆತುಹೋಗಿ, ಕಣ್ಣಿಗೆ ತೋರಿಸಿದ ಪದ್ಮಿನಿ ಉಳಿದುಬಿಡುತ್ತಾಳೆ. ನಮ್ಮ ಮೈಸೂರಿನಲ್ಲಿ ಚಿತ್ರೀಕರಣಗೊಂಡ ಟಿಪ್ಪು ಧಾರಾವಾಹಿಯನ್ನು ನೀವು ಮರೆತಿರಲಾರಿರಿ. 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೊಕ್ಕೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ಅದರ ಚಿತ್ರೀಕರಣದ ವೇಳೆಯಲ್ಲಿಯೇ. ಮುಂದೆ ವಿವಾದವೆದ್ದು, ಇದು ಕಾದಂಬರಿಯೊಂದನ್ನು ಆಧರಿಸಿದ ಕಲ್ಪನೆ ಎಂಬ ಘೋಷಣೆಯನ್ನು ಜೊತೆಗಿಟ್ಟೇ ಅದನ್ನು ಪ್ರಸಾರ ಮಾಡಬೇಕಾಯಿತು. ಘೋಷಣೆಯನ್ನು ಎಷ್ಟು ಜನ ಓದಿದರೋ. ಸಂಜಯ್ ಖಾನ್ ಅವರ ಮುಖದ ಟಿಪ್ಪು ಮಾತ್ರ ಒಂದು ಇಡೀ ಪೀಳಿಗೆಯ ತಲೆಯಲ್ಲಿ ಕೂತ.

ಹಾಗಾದರೆ ಮಗಳು ನೋಡಲಿ, ಧಾರಾಳವಾಗಿ 53 ಕಂತುಗಳನ್ನೂ ನೋಡಲಿ. ಇಸವಿಗಳ ಪಟ್ಟಿ ಉರುಹೊಡೆದು ಇತಿಹಾಸವೆಂದರೆ ಮುಖ ತಿರುಗಿಸುವ ವಿದ್ಯಾರ್ಥಿಗಳನ್ನು ನಾನು ದಶಕಗಳ ಕಾಲ ಕಂಡಿದ್ದೇನೆ. ಅವರಲ್ಲಿ ಆಸಕ್ತಿ ಹುಟ್ಟಿಸಿದ್ದು ಎಷ್ಟೋ ಸಲ ಇಂಥ ಸರಣಿಗಳೇ. ಆದರೆ ಅವಳು ಪುಸ್ತಕ ಓದಿ ಮತ್ತೆ ನೋಡಲಿ. ಮೊದಲ ಹತ್ತು ನಿಮಿಷ ಹಾಗೂ ಕೊನೆಯ ಹತ್ತು ನಿಮಿಷವನ್ನು ಎರಡು ಸಲ ನೋಡಿ, ಇದೇ ಕಥೆಯನ್ನು ಹತ್ತು ವರ್ಷ ಹಿಂದೆ ಶುರುಮಾಡಿದ್ದರೆ, ಹತ್ತು ವರ್ಷ ಮುಂದಕ್ಕೆ ಒಯ್ದಿದ್ದರೆ ಯಾರ ಪಾತ್ರ ದೊಡ್ಡದಾಗುತ್ತಿತ್ತು ಎಂದು ಒಂದು ಪುಟ ಬರೆಯಲಿ. ಚಿತ್ರ ಕಂಡಾಗ ನಿಲ್ಲಿಸಿ, ಇದು ಯಾವಾಗ, ಯಾರು ತೆಗೆದದ್ದು ಎಂದು ಕೇಳಿಕೊಳ್ಳಲಿ. ಮೊಬೈಲಿನಲ್ಲಿ ಇದಕ್ಕೊಂದು ಅನುಕೂಲವಿದೆ. ನಮ್ಮ ಕಾಲದ ದೂರದರ್ಶನವನ್ನು ನಿಲ್ಲಿಸಿ ಯೋಚಿಸಲು ಆಗುತ್ತಿರಲಿಲ್ಲ.

ನಿಮ್ಮ ಊರಿನವರಿಗೆ ಇನ್ನೊಂದು ಭಾಗ್ಯವಿದೆ. ಅಶೋಕನ ಕಂತುಗಳನ್ನು ನೋಡಿದ ಮೇಲೆ ಒಂದು ಭಾನುವಾರ ಅವಳನ್ನು ಮಸ್ಕಿಗೆ ಕರೆದುಕೊಂಡು ಹೋಗಿ. ಕಳಿಂಗದ ರಣಭೂಮಿಯಲ್ಲಿ ನಿಂತು ಪಶ್ಚಾತ್ತಾಪಪಡುವ ಅಶೋಕನನ್ನು ಅವಳು ತೆರೆಯ ಮೇಲೆ ಕಂಡಿದ್ದಾಳೆ. ಆ ಪಶ್ಚಾತ್ತಾಪಕ್ಕೆ ಮೂಲ ಅವನ ಹದಿಮೂರನೆಯ ಬಂಡೆ ಶಾಸನ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಅಲ್ಲಿದೆ. ಆದರೆ ಕಳಿಂಗದಲ್ಲಿಯೇ, ಧೌಳಿ ಮತ್ತು ಜೌಗಡದ ಬಂಡೆಗಳ ಮೇಲೆ, ಆ ಹದಿಮೂರನೆಯ ಶಾಸನವನ್ನು ಕೆತ್ತಿಸಿಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ಬರೆದ ಬೇರೆ ಶಾಸನಗಳಿವೆ. ಅವೇ ಪ್ರತ್ಯೇಕ ಶಾಸನಗಳು 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಸಿಕ್ಕವು. ಸೋತವರ ನಾಡಿನಲ್ಲಿ ಚಕ್ರವರ್ತಿ ತನ್ನ ಪಶ್ಚಾತ್ತಾಪವನ್ನು ಏಕೆ ಬರೆಸಲಿಲ್ಲ? ಸಂಕೋಚವೋ, ರಾಜಕೀಯದ ಎಚ್ಚರವೋ, ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಬರೆಸದೆ ಬಿಟ್ಟ ಶಾಸನವನ್ನು ಯಾವ ನಟ ಅಭಿನಯಿಸಬಲ್ಲ, ಯಾವ ಕ್ಯಾಮೆರಾ ತೋರಿಸಬಲ್ಲದು?

ಮಸ್ಕಿಯ ಬಂಡೆಯಲ್ಲಿ ಕಳಿಂಗದ ಸುದ್ದಿಯೇ ಇಲ್ಲ. 1915ರಲ್ಲಿ ಅದು ಬೆಳಕಿಗೆ ಬಂದಾಗ ಜಗತ್ತಿನ ವಿದ್ವಾಂಸರೆಲ್ಲ ಅದರತ್ತ ತಿರುಗಿದ್ದು ಒಂದೇ ಕಾರಣಕ್ಕೆ: ಬೇರೆ ಕಡೆಯ ಶಾಸನಗಳು ‘ದೇವಾನಂಪಿಯ’, ‘ಪಿಯದಸಿ’ ಎಂದಷ್ಟೇ ಹೇಳುತ್ತಿದ್ದಾಗ, ಇಲ್ಲಿ ‘ಅಸೋಕ’ ಎಂಬ ಹೆಸರೇ ಕೆತ್ತಿದೆ. ಸವೆದ ಬ್ರಾಹ್ಮಿ ಅಕ್ಷರಗಳಲ್ಲಿ ಆ ಹೆಸರು ಎಲ್ಲಿದೆಯೆಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಿಸಿಲೇರುವ ಮೊದಲೇ ಹೋಗಿ. ಓರೆಯಾಗಿ ಬೀಳುವ ಬೆಳಕಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಸೋದರಮಾವನವರನ್ನೂ ಜೊತೆಗೆ ಕರೆದುಕೊಳ್ಳಿ.